ಆಸ್ಪತ್ರೆಗಳ ವೆಚ್ಚಮಿತಿ: ಅಮೆರಿಕದ ಒಂದು ವಿವಾದ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 1977ರಿಂದ 1979ರವರೆಗೆ ಸರಕಾರಕ್ಕೂ ಆಸ್ಪತ್ರೆಗಳಿಗೂ ನಡೆದ ವಿವಾದವು ಮೇಲುನೋಟಕ್ಕೆ ಹಣದ ಲೆಕ್ಕದ್ದೆಂದು ತೋರುವುದು. ಆದರೆ ಅದರ ಬೇರು ಇದ್ದುದು ‘ಯುಕ್ತವಾದ ವೆಚ್ಚ’ವೆಂಬ ಮಾತಿನ ಅರ್ಥನಿರ್ಣಯದಲ್ಲಿ.

1965ರಲ್ಲಿ ಮೆಡಿಕೇರ್ ಶಾಸನವು ಅಂಗೀಕೃತವಾಗಿ, ಮರುವರ್ಷದ ಜುಲೈ 1ರಿಂದ ವೃದ್ಧರ ಚಿಕಿತ್ಸೆಯ ಭಾರವನ್ನು ಬಹುಮಟ್ಟಿಗೆ ಕೇಂದ್ರಸರಕಾರವು ವಹಿಸಿಕೊಂಡಿತು. ಆಸ್ಪತ್ರೆಯು ಮೊದಲು ವೆಚ್ಚಮಾಡಿ ಬಳಿಕ ಲೆಕ್ಕವನ್ನೊಪ್ಪಿಸುವುದು, ಅದು ಯುಕ್ತವಾಗಿದ್ದಲ್ಲಿ ಸರಕಾರವು ತುಂಬಿಕೊಡುವುದು—ಇದು ಕ್ರಮ. ಮೊದಮೊದಲು ಅದರ ಮೇಲೆ ನೂರಕ್ಕೆ 2ರಂತೆ ಹೆಚ್ಚಿಗೆಯೂ ಸಲ್ಲುತ್ತಿತ್ತು. ಯುಕ್ತಾಯುಕ್ತ ವಿವೇಚನೆಯು ಕಾರ್ಯತಃ ವೆಚ್ಚಮಾಡುವವರ ಕೈಯಲ್ಲಿಯೇ ಉಳಿಯಿತು. ಇಂತಹ ಏರ್ಪಾಟಿನಲ್ಲಿ ವೆಚ್ಚವು ಬೆಳೆದುದು ಆಶ್ಚರ್ಯವಲ್ಲ, ಬೆಳೆಯದಿದ್ದರೆ ಆಶ್ಚರ್ಯವಾಗುತ್ತಿತ್ತು.

1977ರ ಏಪ್ರಿಲಿನಲ್ಲಿ ಅಧ್ಯಕ್ಷ ಕಾರ್ಟರ್ ಅವರು ಮುಂದಿಟ್ಟ ಮಸೂದೆಯು ಆಸ್ಪತ್ರೆಗಳ ವರಮಾನದ ಏರಿಕೆಗೆ ವರ್ಷಕ್ಕೆ ಸುಮಾರು ನೂರಕ್ಕೆ 9ರ ಮಿತಿಯನ್ನು ವಿಧಿಸತಕ್ಕದ್ದಾಗಿತ್ತು. ಅಮೆರಿಕದ ಆಸ್ಪತ್ರೆಗಳ ಸಂಘವು ಇದನ್ನು ಬಲವಾಗಿ ಎದುರಿಸಿತು. ಆಹಾರ, ಇಂಧನ, ಉಪಕರಣಗಳ ಬೆಲೆ ತಮ್ಮ ಅಧೀನವಲ್ಲವೆಂಬುದು ಆಸ್ಪತ್ರೆಗಳ ಒಂದು ವಾದ. ಎಲ್ಲಕ್ಕೂ ಒಂದೇ ಮಿತಿಯಾದರೆ ಮೊದಲಿನಿಂದಲೂ ಮಿತವ್ಯಯದಿಂದ ನಡೆದ ಆಸ್ಪತ್ರೆಗೆ ದಂಡನೆ, ದುಂದುಗಾರ ಸಂಸ್ಥೆಗೆ ರಕ್ಷಣೆ ದೊರೆಯುವುದೆಂಬುದು ಇನ್ನೊಂದು. ಈ ಎರಡನೆಯದನ್ನು ಕೇವಲ ಸ್ವಾರ್ಥದ ಮಾತೆಂದು ತಳ್ಳಿಹಾಕುವಂತಿಲ್ಲ. 1971ರಲ್ಲಿ ಆರಂಭವಾದ ಬೆಲೆನಿಯಂತ್ರಣವು 1974ರಲ್ಲಿ ತೆರವಾದೊಡನೆ ಆಸ್ಪತ್ರೆಯ ವೆಚ್ಚವು ಮತ್ತೆ ಮೇಲಕ್ಕೆ ನೆಗೆದಿದ್ದಿತು. ನಿಯಂತ್ರಣವು ಫಲಿಸಿತೆನ್ನುವವರಿಗೂ ಫಲಿಸಲಿಲ್ಲವೆನ್ನುವವರಿಗೂ ಇದೊಂದೇ ಪ್ರಮಾಣವಾದುದು ವಿನೋದಕರವಾಗಿದೆ.

1977ರ ಕೊನೆಗೆ ಆ ಸಂಘವೂ, ಲಾಭಾರ್ಥವಾಗಿ ನಡೆಯುವ ಆಸ್ಪತ್ರೆಗಳ ಒಕ್ಕೂಟವೂ, ವೈದ್ಯರ ಸಂಘವೂ ಕೂಡಿ ‘ಸ್ವಯಂಪ್ರಯತ್ನ’ವೆಂಬ ಹೆಸರಿನಲ್ಲಿ, ಏರಿಕೆಯ ವೇಗವನ್ನು ತಾವೇ ತಗ್ಗಿಸುವುದಾಗಿ ಮಾತುಕೊಟ್ಟವು. ಶಾಸನವನ್ನು ತಡೆಯಲು ಇದಕ್ಕಿಂತ ಜಾಣತನದ ಉಪಾಯವು ದೊರೆಯುವುದು ಕಷ್ಟ. ಆಸ್ಪತ್ರೆಯಿಲ್ಲದ ಚುನಾವಣಾಕ್ಷೇತ್ರವೂ ವಿರಳ. ಅದರ ಆಡಳಿತಮಂಡಲಿಯಲ್ಲಿ ಊರಿನ ಗಣ್ಯರೇ ಇರುತ್ತಿದ್ದರು. 1979ರ ನವೆಂಬರ್ 15ರಂದು ಪ್ರತಿನಿಧಿಸಭೆಯು 166ಕ್ಕೆ ಪ್ರತಿಯಾಗಿ 234 ಮತಗಳಿಂದ ಕಡ್ಡಾಯದ ಮಿತಿಯನ್ನು ಕೈಬಿಟ್ಟು ಸ್ವಯಂಪ್ರಯತ್ನವನ್ನೇ ಎತ್ತಿಹಿಡಿಯಿತು.

ಆ ಪ್ರಯತ್ನವು ಬಹುಕಾಲ ನಿಲ್ಲಲಿಲ್ಲ. 1982ರ ಶಾಸನವು ಮೆಡಿಕೇರ್ ಸಂದಾಯಕ್ಕೆ ಬಿಗಿಯಾದ ಮಿತಿಗಳನ್ನು ತಂದಿತು. 1983ರಲ್ಲಿ ರೋಗಗಳನ್ನು 467 ವರ್ಗಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಚಿಕಿತ್ಸೆಗೆ ಮುನ್ನವೇ ದರವನ್ನು ಗೊತ್ತುಪಡಿಸುವ ಪದ್ಧತಿಯು ಶಾಸನವಾಯಿತು. ಉಳಿತಾಯವಾದರೆ ಅದು ಆಸ್ಪತ್ರೆಗೆ. ಮೀರಿದರೆ ನಷ್ಟವೂ ಅದರದೇ. ಹಿಂದಿನ ಮಿತಿಯನ್ನು ಅಷ್ಟು ಎದುರಿಸಿದ್ದ ಸಂಘವು ಈ ಪೂರ್ವನಿಗದಿಯ ತತ್ತ್ವವನ್ನು ಒಪ್ಪಿಕೊಂಡಿತು. 1982ರ ಮಿತಿಗಳಲ್ಲಿ ಉಳಿತಾಯದ ಈ ಆಸೆಗೆ ಅಷ್ಟು ಅವಕಾಶವಿರಲಿಲ್ಲ.