ಎಲ್ಲಿಗೆ ಹೊರಟಿದ್ದೀರೆಂದು ಮೆಡಿಕಲ್ ಶಾಪ್‌ನಲ್ಲೂ ಹೇಳಿ

ಅರಕು ಕಣಿವೆಗೆ ಹೊರಟವರ ಬ್ಯಾಗಿನಲ್ಲಿ ಸ್ವೆಟರ್ ಇರುತ್ತದೆ, ಪವರ್ ಬ್ಯಾಂಕ್ ಇರುತ್ತದೆ, ಚಕ್ಕುಲಿ ಡಬ್ಬಿಯೂ ಇರುತ್ತದೆ. ಸೊಳ್ಳೆ ಕಚ್ಚದಂತೆ ಹಚ್ಚಿಕೊಳ್ಳುವ ಕ್ರೀಮ್ ಮಾತ್ರ ಅಪರೂಪ. ವಿಶಾಖಪಟ್ಟಣದಿಂದ ಬೆಳಿಗ್ಗೆ ಕಿರಂದುಲ್ ರೈಲು ಹತ್ತಿ, ಬೊರ್ರಾ ಗುಹೆ ನೋಡಿಕೊಂಡು ಕತ್ತಲಾಗುವ ಮುಂಚೆ ಮರಳುವವರಿಗೆ ಅಪಾಯ ಕಡಿಮೆ. ರಾತ್ರಿ ಅಲ್ಲೇ ತಂಗುವವರ ಮಾತು ಬೇರೆ. 2022ರಲ್ಲಿ ರಚನೆಯಾದ ಅಲ್ಲೂರಿ ಸೀತಾರಾಮರಾಜು ಜಿಲ್ಲೆಯ ಈ ಗುಡ್ಡಗಾಡು ಮೊದಲಿನಿಂದಲೂ ಮಲೇರಿಯಾ ಕಾಡುವ ಸೀಮೆ. ಅನಾಫಿಲಿಸ್ ಸೊಳ್ಳೆ ಕಚ್ಚುವುದೂ ಮುಸ್ಸಂಜೆಯಿಂದ ನಸುಕಿನವರೆಗೆ.

ಇದನ್ನು ಹೊರಡುವ ಮೊದಲೇ ಯಾರು ಹೇಳಬೇಕು? ಪ್ರವಾಸಕ್ಕೆಂದು ವೈದ್ಯರನ್ನು ಕಾಣುವ ರೂಢಿ ನಮ್ಮಲ್ಲಿಲ್ಲ. ಮೆಡಿಕಲ್ ಶಾಪ್‌ಗಂತೂ ಹೋಗಿಯೇ ಹೋಗುತ್ತೇವೆ. ವಿಶಾಖಪಟ್ಟಣದ ಕಿಂಗ್ ಜಾರ್ಜ್ ಆಸ್ಪತ್ರೆಯ ಆಸುಪಾಸಿರಲಿ, ವಿಜಯವಾಡದ ಸೂರ್ಯರಾವ್‌ಪೇಟೆ ಇರಲಿ, ಗಿರಾಕಿ ಕೇಳುವುದು ‘ವಾಂತಿ ಮಾತ್ರೆ ಒಂದು ಸ್ಟ್ರಿಪ್, ಲೂಸ್ ಮೋಷನ್‌ಗೆ ಒಂದು’ ಎಂದಷ್ಟೇ. ಎಲ್ಲಿಗೆ ಪಯಣ ಎಂದು ಇವರು ಹೇಳುವುದಿಲ್ಲ, ಅವರು ಕೇಳುವುದಿಲ್ಲ. ಹಾಗೆ ನೋಡಿದರೆ ಕೌಂಟರಿನಾಚೆ ನಿಂತವರಿಗೆ ಹೊಣೆ ಇದೆ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿಯ ಪ್ರಕಾರ ರೋಗಿಗೆ ತಿಳಿವಳಿಕೆ ನೀಡುವುದು ನೋಂದಾಯಿತ ಫಾರ್ಮಸಿಸ್ಟ್‌ರ ಕೆಲಸವೇ.

ಪೊಟ್ಟಣ ಒಂದು, ನೀರೆಷ್ಟು?

ಮೇ ತಿಂಗಳ ಬಿಸಿಲಲ್ಲಿ ವಿಜಯವಾಡದ ಇಂದ್ರಕೀಲಾದ್ರಿ ಹತ್ತಿ ಕನಕದುರ್ಗೆಯ ದರ್ಶನಕ್ಕೆ ನಿಲ್ಲುವವರ ಪೈಕಿ ಬಿಪಿ, ಸಕ್ಕರೆ ಕಾಯಿಲೆಯವರು ಎಷ್ಟೋ ಮಂದಿ. ಅವರಿಗೂ ಫಾರ್ಮಸಿಸ್ಟ್ ಹೇಳಬೇಕಾದ್ದಿದೆ. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ ನುಂಗುವವರಿಗೆ ಬಿಸಿಲು ಬೇಗ ತಾಗುತ್ತದೆ. ಇನ್ಸುಲಿನ್ ತಂಪಾಗಿರಬೇಕು ನಿಜ, ಆದರೆ ಮಂಜುಗಡ್ಡೆಗೆ ತಾಗುವಂತಿಟ್ಟರೆ ಕೆಟ್ಟೀತು. ಭೇದಿಯಾದಾಗಿನ ಓಆರ್‌ಎಸ್‌ಗೂ ಲೆಕ್ಕವಿದೆ. 20.5 ಗ್ರಾಂ ಪೊಟ್ಟಣಕ್ಕೆ ಭರ್ತಿ ಒಂದು ಲೀಟರ್ ಶುದ್ಧ ನೀರು ಬೇಕು. ಒಂದೇ ಲೋಟಕ್ಕೆ ಸುರಿದು ಕುಡಿದರೆ ಭೇದಿ ಇನ್ನೂ ಹೆಚ್ಚಬಹುದು. ‘ಓಆರ್‌ಎಸ್’ ಹೆಸರು ಹೊತ್ತ ಸಿಹಿ ಪಾನೀಯಗಳ ವಿರುದ್ಧ ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದರು. ಆಹಾರ ಸುರಕ್ಷತಾ ಪ್ರಾಧಿಕಾರ ಆ ಹೆಸರನ್ನು ನಿಷೇಧಿಸಿದ್ದು 2025ರ ಅಕ್ಟೋಬರಿನಲ್ಲಿ.

ವಿಶಾಖಪಟ್ಟಣ, ವಿಜಯವಾಡದ ಕಡೆಯಿಂದ ಓದಿಗೆ, ದುಡಿಮೆಗೆ ಹೊರದೇಶಕ್ಕೆ ಹೋಗುವವರಿಗೂ ಸಲಹೆ ಬೇಕು. ಮಾತ್ರೆಗಳು ಮೂಲ ಸ್ಟ್ರಿಪ್‌ನಲ್ಲೇ ಇರಲಿ, ಜೊತೆಗೆ ವೈದ್ಯರ ಚೀಟಿ ಇರಲಿ. ನೋವಿಗೆ ಕೊಡುವ ಟ್ರಮಡಾಲ್ ದುಬೈಯಂಥ ಕಡೆ ಕಟ್ಟುನಿಟ್ಟಿನ ನಿಯಂತ್ರಣದಲ್ಲಿದೆ.

ಕೊಡದಿರುವುದೂ ಸಲಹೆಯೇ

ಮಲೇರಿಯಾ ತಡೆಗೆ ಮಾತ್ರೆ ಇದೆಯಲ್ಲ ಎನ್ನಬಹುದು. ಆರು ವಾರದೊಳಗಿನ ವಾಸ್ತವ್ಯಕ್ಕೆ ರಾಷ್ಟ್ರೀಯ ಮಾರ್ಗಸೂಚಿ ಹೇಳುವುದು ಡಾಕ್ಸಿಸೈಕ್ಲಿನ್. ಹೊರಡುವ ಎರಡು ದಿನ ಮೊದಲು ಶುರುಮಾಡಿ, ಮರಳಿದ ಮೇಲೂ ನಾಲ್ಕು ವಾರ ನುಂಗಬೇಕು. ಗರ್ಭಿಣಿಯರಿಗೆ, ಎಂಟು ವರ್ಷದೊಳಗಿನ ಮಕ್ಕಳಿಗೆ ಇದು ಸಲ್ಲದು. ಎಲ್ಲ ಪ್ರವಾಸಿಗರಿಗೂ ಬೇಕೆಂದೇನಿಲ್ಲ, ವೈದ್ಯರೇ ತೀರ್ಮಾನಿಸಬೇಕು. ಚೀಟಿಯಿಲ್ಲದೆ ಕೇಳಿದವರನ್ನು ವೈದ್ಯರ ಬಳಿ ಕಳಿಸುವ ಫಾರ್ಮಸಿಸ್ಟ್ ವ್ಯಾಪಾರ ಕಳೆದುಕೊಂಡರೂ ಕೆಲಸ ಸರಿಯಾಗಿ ಮಾಡಿದಂತೆ.

ನಾಲ್ಕು ವಾರ ಯಾಕೆಂದರೆ, ಸೊಳ್ಳೆಯಿಂದ ಬಂದ ಪರಾವಲಂಬಿ ಮೊದಲು ಯಕೃತ್ತಿನಲ್ಲಿ ಬೆಳೆದು ಆಮೇಲಷ್ಟೇ ರಕ್ತಕ್ಕಿಳಿಯುತ್ತದೆ. ಹಾಗಾಗಿ ಅರಕುವಿನಲ್ಲಿ ತಗುಲಿದ್ದು ಬೆಂಗಳೂರಿಗೆ ಮರಳಿ ವಾರವೋ ಎರಡು ವಾರವೋ ಕಳೆದ ಮೇಲೆ ಚಳಿಜ್ವರವಾಗಿ ಕಾಣಿಸಬಹುದು. ಆಗ ಪ್ಯಾರಸಿಟಮಾಲ್ ಕೇಳಲು ಬಂದವರಿಗೆ ಬಡಾವಣೆಯ ಫಾರ್ಮಸಿಸ್ಟ್ ‘ಈಚೆಗೆ ಎಲ್ಲಿಗಾದರೂ ಹೋಗಿದ್ರಾ?’ ಎಂದು ಕೇಳಿದರೆ ರಕ್ತಪರೀಕ್ಷೆ ಅಂದೇ ಆದೀತು. ಅವರು ಕೇಳದಿದ್ದರೆ ನಾವೇ ಹೇಳೋಣ.