ಒಂದೇ ಮನೆಯ ಯಂತ್ರಗಳಿಗೆ ಒಂದೇ ಭಾಷೆ

ಈಗ ಅನೇಕ ಗೃಹಗಳಲ್ಲಿ ಕಂಪ್ಯೂಟರುಗಳು ಎರಡು ಮೂರಾಗಿವೆ. ಯಜಮಾನರದು ವಿಂಡೋಸ್, ಮಗಳದು ಮ್ಯಾಕ್, ಮಗನದು ಲಿನಕ್ಸ್ ಆಗಿರುವುದೂ ಉಂಟು. ಎಲ್ಲವೂ ಒಂದೇ ವೈಫೈಗೆ ಸೇರಿದ್ದರೂ, ಮದುವೆಯ ಚಿತ್ರಗಳನ್ನು ಒಂದರಿಂದೊಂದಕ್ಕೆ ಸಾಗಿಸಲು ಮನೆಯವರು ಪೆನ್‌ಡ್ರೈವ್ ಹಿಡಿದು ಕೋಣೆಯಿಂದ ಕೋಣೆಗೆ ಅಲೆಯುವುದನ್ನು ಕಾಣುತ್ತೇವೆ. ಈ ಶ್ರಮವು ಅನಾವಶ್ಯಕವೆಂಬುದನ್ನೂ, ಆದರೆ ಬಾಗಿಲನ್ನು ತೆರೆಯುವಾಗ ಬೀಗವನ್ನು ಮರೆಯಬಾರದೆಂಬುದನ್ನೂ ವಾಚಕರಿಗೆ ತಿಳಿಸುವುದೇ ನಮ್ಮ ಉದ್ದೇಶ.

ಯಂತ್ರಗಳ ಜಾತಿ ಬೇರೆಯಾದರೂ ಅವೆಲ್ಲವೂ ಆಡಬಲ್ಲ ಭಾಷೆಯೊಂದುಂಟು. ಅದರ ಹೆಸರು ಎಸ್‌ಎಂಬಿ. 1980ರ ದಶಕದಲ್ಲಿ ಐಬಿಎಂ ಸಂಸ್ಥೆಯಲ್ಲಿ ಹುಟ್ಟಿದ ಇದನ್ನು ಮೈಕ್ರೋಸಾಫ್ಟ್ ಬೆಳೆಯಿಸಿತು. ಇತರ ಯಂತ್ರಗಳಿಗೂ ಇದನ್ನು ಕಲಿಸಿದ ಶ್ರೇಯಸ್ಸು ಆಸ್ಟ್ರೇಲಿಯದ ಆಂಡ್ರ್ಯೂ ಟ್ರಿಜೆಲ್ ಅವರದು. ಕ್ಯಾನ್‌ಬೆರಾದಲ್ಲಿ ವಿದ್ಯಾರ್ಥಿಯಾಗಿದ್ದಾಗ, 1991-92ರಲ್ಲಿ, ಯಂತ್ರಗಳ ನಡುವೆ ಹರಿಯುವ ಸಂದೇಶಗಳನ್ನೇ ಪರೀಕ್ಷಿಸಿ ಅವರು ತಂತ್ರಾಂಶವೊಂದನ್ನು ರಚಿಸಿದರು. ಎಸ್, ಎಂ, ಬಿ ಅಕ್ಷರಗಳುಳ್ಳ ಪದವನ್ನು ಹುಡುಕಿ ಅದಕ್ಕೆ ‘ಸಾಂಬಾ’ ಎಂದು ಹೆಸರಿಟ್ಟರು. ಲಿನಕ್ಸ್ ಇಂದಿಗೂ ಅದನ್ನೇ ಆಶ್ರಯಿಸಿದೆ. 2013ರಿಂದ ಮ್ಯಾಕ್ ಸಹ ಎಸ್‌ಎಂಬಿಗೇ ಪ್ರಾಶಸ್ತ್ಯವನ್ನು ಕೊಟ್ಟಿತು.

ಮಾಡತಕ್ಕ ಕ್ರಮ ಇಷ್ಟೇ. ಹೆಚ್ಚು ಹೊತ್ತು ಚಾಲನೆಯಲ್ಲಿರುವ ಯಂತ್ರವೊಂದನ್ನು ಆರಿಸಿ, ಅದರ ಒಂದೇ ಫೋಲ್ಡರನ್ನು ಹಂಚಿಕೆಗೆ ಗೊತ್ತುಮಾಡಬೇಕು. ಇಡೀ ಡಿಸ್ಕನ್ನು ತೆರೆದಿಡಲಾಗದು. ಮನೆಯವರಿಗಾಗಿ ಹೆಸರನ್ನೂ ಪಾಸ್‌ವರ್ಡನ್ನೂ ಕಲ್ಪಿಸಬೇಕು. ಆ ಯಂತ್ರವು ಲಿನಕ್ಸ್ ಆಗಿದ್ದರೆ ಸಾಂಬಾಕ್ಕೆ ಪ್ರತ್ಯೇಕವಾಗಿ ಪಾಸ್‌ವರ್ಡ್ ಕೊಡಬೇಕು; ವಿಂಡೋಸ್ ಆಗಿದ್ದರೆ ಮನೆಯ ಜಾಲವನ್ನು ‘ಪ್ರೈವೇಟ್’ ಎಂದು ಗುರುತಿಸಬೇಕು. ನೋಡಿದರೆ ಸಾಕೆನ್ನುವವರಿಗೆ ಓದುವ ಹಕ್ಕೊಂದೇ ಸಾಕು. ಪ್ರಶ್ನಾರ್ಥಕ ಅಥವಾ ನಕ್ಷತ್ರ ಚಿಹ್ನೆಯುಳ್ಳ ಹೆಸರುಗಳನ್ನು ವಿಂಡೋಸ್ ಒಪ್ಪದಾದ್ದರಿಂದ, ಫೈಲುಗಳಿಗೆ ಸರಳವಾದ ಹೆಸರನ್ನಿಡುವುದು ಕ್ಷೇಮ.

ಇನ್ನು ಎಚ್ಚರಿಕೆಯ ಮಾತು. ಹಳೆಯ ಉಪಕರಣವೊಂದು ಕಾಣಿಸದಿದ್ದಾಗ ಎಸ್‌ಎಂಬಿಯ ಪ್ರಥಮ ಆವೃತ್ತಿಯನ್ನು ಪುನಃ ಚಾಲನೆಗೊಳಿಸೆಂದು ಸಲಹೆ ಕೊಡುವವರುಂಟು. ಅದನ್ನು ಕೇಳಬಾರದು. 2017ರ ಮೇ ತಿಂಗಳಲ್ಲಿ ‘ವಾನಾಕ್ರೈ’ ಎಂಬ ಪಿಡುಗು ಆ ಆವೃತ್ತಿಯ ದೋಷದ ಮೂಲಕವೇ ಯಂತ್ರದಿಂದ ಯಂತ್ರಕ್ಕೆ ಹಬ್ಬಿ, ಫೈಲುಗಳನ್ನು ಓದಲಾಗದಂತೆ ಮಾಡಿ ಒತ್ತೆಹಣವನ್ನು ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳೂ ಅದರಿಂದ ಕಂಗೆಟ್ಟವು. ದೋಷನಿವಾರಣೆಯ ಅಪ್‌ಡೇಟು ಎರಡು ತಿಂಗಳು ಮುಂಚೆಯೇ ಬಂದಿದ್ದಿತು. ಅದನ್ನು ಹಾಕಿಕೊಳ್ಳದವರಿಗೆ ಹಾನಿ ತಟ್ಟಿತು.

ಕಡೆಯದಾಗಿ, ಹಂಚಿಕೆಯು ರಕ್ಷಣೆಯಲ್ಲ. ಅಳಿಸುವ ಹಕ್ಕುಳ್ಳ ಒಬ್ಬರು ಕೈತಪ್ಪಿ ಅಳಿಸಿದ ಚಿತ್ರವು ಎಲ್ಲರ ಪಾಲಿಗೂ ಇಲ್ಲವಾದೀತು. ಆದಕಾರಣ ಗೃಹಸ್ಥರು ಆ ಫೋಲ್ಡರಿನ ಪ್ರತಿಯೊಂದನ್ನು ಬೇರೆ ಡಿಸ್ಕಿನಲ್ಲಿ ತೆಗೆದು, ಯಂತ್ರದಿಂದ ಬಿಡಿಸಿ, ಕಪಾಟಿನಲ್ಲಿಡುವುದು ಅವಶ್ಯ.