ಕ್ರಾಫರ್ಡ್ ಹಾಲಾ, ಗಂಗೋತ್ರೀನಾ?

ಮೈಸೂರಿನಲ್ಲಿ ಆಟೊ ಹತ್ತಿ ‘ಯೂನಿವರ್ಸಿಟಿಗೆ ಹೋಗಬೇಕು’ ಎಂದರೆ ಚಾಲಕ ಹಿಂತಿರುಗಿ ಕೇಳುತ್ತಾನೆ: ‘ಕ್ರಾಫರ್ಡ್ ಹಾಲಾ, ಗಂಗೋತ್ರೀನಾ?’ ಬೆಳಗಿನ ಮೊದಲ ಬಸ್ಸಿಗೆ ಊರು ಬಿಟ್ಟು, ಅಂಕಪಟ್ಟಿಗಳ ಫೈಲನ್ನು ಎದೆಗವಚಿಕೊಂಡು ಬಂದ ಹುಡುಗಿಗೆ ಆ ಪ್ರಶ್ನೆಯೇ ಅರ್ಥವಾಗುವುದಿಲ್ಲ. ಎರಡೂ ಒಂದೇ ವಿಶ್ವವಿದ್ಯಾನಿಲಯದವು. ಆಡಳಿತ ಕಚೇರಿ ಇರುವ ಕ್ರಾಫರ್ಡ್ ಹಾಲ್ ಕುಕ್ಕರಹಳ್ಳಿ ಕೆರೆಯ ಈಚೆಗೆ. ಪಾಠ ನಡೆಯುವ ಸ್ನಾತಕೋತ್ತರ ವಿಭಾಗಗಳ ಮಾನಸಗಂಗೋತ್ರಿ ಕೆರೆಯ ಆಚೆಗೆ. ಮೊದಲ ವಾರವಿಡೀ ಹೊಸಬರು ಈ ಕೆರೆಯ ಸುತ್ತಲೇ ಓಡಾಡುತ್ತಿರುತ್ತಾರೆ.

ನಾನು ಮೊದಲ ಸಲ ಗಂಗೋತ್ರಿಗೆ ಹೋದ ದಿನ ನನ್ನ ವಿಭಾಗದ ಮುಂದೆಯೇ ಎರಡು ಸಲ ಹಾದುಹೋಗಿದ್ದೆ. ಎದುರಿಗೆ ಬರುತ್ತಿದ್ದವರೆಲ್ಲ ದಾರಿ ಗೊತ್ತಿರುವವರಂತೆ ನಡೆಯುತ್ತಿದ್ದರು. ಅವರನ್ನು ನಿಲ್ಲಿಸಿ ಕೇಳಲು ಬಾಯಿ ಬರಲಿಲ್ಲ. ಕೇಳಿದರೆ ಹಳ್ಳಿಯವನೆಂದು ಗೊತ್ತಾಗಿಬಿಡುತ್ತದೆ ಎಂಬ ಅಳುಕು. ಕೊನೆಗೆ ಗಿಡಗಳಿಗೆ ನೀರು ಬಿಡುತ್ತಿದ್ದ ಹಿರಿಯರೊಬ್ಬರು ತಾವಾಗಿಯೇ ‘ಯಾವ ಡಿಪಾರ್ಟ್‌ಮೆಂಟು ಮಗಾ?’ ಎಂದರು. ಪೈಪು ಕೆಳಗಿಟ್ಟು ಬಾಗಿಲ ತನಕ ಬಂದು ಬಿಟ್ಟರು. ಇಷ್ಟು ವರ್ಷಗಳಾದರೂ ಹೊಸ ಜಾಗಕ್ಕೆ ಹೋದಾಗಲೆಲ್ಲ ಆ ಒಂದು ಮಾತು ನೆನಪಾಗುತ್ತದೆ.

ಹೆಸರು ಒಂದು, ಬಾಗಿಲು ಹಲವು

ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರ ಜುಲೈ 27ರಂದು, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಕುವೆಂಪು 1956ರಿಂದ 1960ರವರೆಗೆ ಕುಲಪತಿಯಾಗಿದ್ದಾಗ ಕೆರೆಯಾಚೆಯ ಹೊಸ ಆವರಣ ರೂಪುಗೊಂಡಿತು. ಅದಕ್ಕೆ ‘ಮಾನಸಗಂಗೋತ್ರಿ’ ಎಂದು ಹೆಸರಿಟ್ಟವರೂ ಅವರೇ. ಆ ಹೆಸರು ಎಷ್ಟು ಹಿಡಿಸಿತೆಂದರೆ ಕೊಣಾಜೆಯಲ್ಲಿ ಮಂಗಳಗಂಗೋತ್ರಿ, ಹಾಸನದಲ್ಲಿ ಹೇಮಗಂಗೋತ್ರಿ, ದಾವಣಗೆರೆಯಲ್ಲಿ ಶಿವಗಂಗೋತ್ರಿ ಹುಟ್ಟಿಕೊಂಡವು. ಮೈಸೂರಿನಲ್ಲಿಯೇ, ಮಾನಸಗಂಗೋತ್ರಿಯ ಮಗ್ಗುಲಲ್ಲಿ, 1996ರಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಆವರಣ ಮುಕ್ತಗಂಗೋತ್ರಿಯಾಯಿತು. ಹೊಸ ವಿದ್ಯಾರ್ಥಿ ಒಂದು ಗಂಗೋತ್ರಿಯನ್ನು ಹುಡುಕುತ್ತ ಇನ್ನೊಂದರ ಗೇಟಿನಲ್ಲಿ ಇಳಿದರೆ ಅದರಲ್ಲಿ ಆಶ್ಚರ್ಯವೇನಿಲ್ಲ.

ಪಿನ್‌ಕೋಡ್ ನಂಬಿದರೂ ದಾರಿ ಸಿಗದು. ಭಾರತೀಯ ಭಾಷಾ ಸಂಸ್ಥಾನ, ವಾಕ್ ಮತ್ತು ಶ್ರವಣ ಸಂಸ್ಥೆ, ಮುಕ್ತ ವಿಶ್ವವಿದ್ಯಾನಿಲಯ, ಮೈಸೂರು ವಿಶ್ವವಿದ್ಯಾನಿಲಯದ ವಿಭಾಗಗಳು ಎಲ್ಲದರ ವಿಳಾಸದಲ್ಲೂ 570006 ಇದೆ. ಹಾಗಾಗಿ ‘ಗಂಗೋತ್ರಿ’ ಎಂದಷ್ಟೇ ಹೇಳದೆ ಸಂಸ್ಥೆ, ವಿಭಾಗ, ಯಾವ ರಸ್ತೆಯ ಕಡೆ ಎಂಬ ಮೂರನ್ನೂ ಹೇಳುವುದು ಒಳ್ಳೆಯದು.

ಮಾನಸಗಂಗೋತ್ರಿಯ 739 ಎಕರೆಯ ಆವರಣವನ್ನು ಮೊಬೈಲ್ ಪರದೆಯಲ್ಲಿ ಹಿಡಿಯುವುದಕ್ಕಿಂತ ದಿಕ್ಕಿನಲ್ಲಿ ಹಿಡಿಯುವುದು ಸುಲಭ. ಉತ್ತರಕ್ಕೆ ಹುಣಸೂರು ರಸ್ತೆ, ದಕ್ಷಿಣಕ್ಕೆ ಬೋಗಾದಿ ರಸ್ತೆ, ಪೂರ್ವಕ್ಕೆ ಕೆರೆ. ಕೆರೆಯ ಮೇಲಿಂದ ದೂರದಲ್ಲಿ ಚಾಮುಂಡಿ ಬೆಟ್ಟ ಕಂಡರೆ ಅದು ಆಗ್ನೇಯ. ಗದ್ದೆ ಬದುವಿನ ಮೇಲೆ ದಿಕ್ಕು ನೋಡಿ ನಡೆದವರಿಗೆ ಇಷ್ಟು ಗುರುತು ಸಾಕು.

ಮಾತಿನ ದಾರಿಯೂ ಇದೆ

ಕಟ್ಟಡ ಸಿಕ್ಕ ಮೇಲೆ ಪದಗಳು ದಾರಿ ತಪ್ಪಿಸುತ್ತವೆ. ಚಲನ್, ಮೈಗ್ರೇಷನ್, ಹಾರ್ಡ್ ಕೋರ್, ಸಾಫ್ಟ್ ಕೋರ್, ಓಪನ್ ಎಲೆಕ್ಟಿವ್, ಸಿ–1, ಸಿ–2. ಮನೆಯಲ್ಲಿ ಮೊದಲ ಸಲ ಪದವಿ ಮುಗಿಸಿ ಬಂದವರಿಗೆ ಇವನ್ನೆಲ್ಲ ಬಿಡಿಸಿ ಹೇಳುವ ಅಣ್ಣನೋ ಅಕ್ಕನೋ ಇರುವುದಿಲ್ಲ. ಬೇರೆಯವರಿಗೆಲ್ಲ ಗೊತ್ತಿದೆ, ತಮಗೊಬ್ಬರಿಗೇ ಗೊತ್ತಿಲ್ಲ ಎಂದುಕೊಂಡು ಸುಮ್ಮನಾಗುತ್ತಾರೆ. ಆ ಮೌನಕ್ಕೆ ಬೆಲೆ ತೆರಬೇಕಾಗುತ್ತದೆ: ಕಡೆಯ ದಿನಾಂಕ ದಾಟುತ್ತದೆ, ವಿದ್ಯಾರ್ಥಿವೇತನದ ಅರ್ಜಿ ಉಳಿದುಹೋಗುತ್ತದೆ, ಹಾಸ್ಟೆಲ್ ಕೈತಪ್ಪುತ್ತದೆ.

‘ಬಾಯಿದ್ದವನು ಬರಗಾಲದಲ್ಲೂ ಬದುಕಿದ’ ಎಂಬ ಗಾದೆಯನ್ನು ಕ್ಯಾಂಪಸ್ಸಿಗೆ ಕಾಲಿಡುವ ಮುನ್ನ ಒಮ್ಮೆ ನೆನೆದುಕೊಳ್ಳಬೇಕು. ವಿಭಾಗದ ಅಟೆಂಡರ್, ಗ್ರಂಥಾಲಯದ ಸಿಬ್ಬಂದಿ, ಕಾವಲುಗಾರ, ಜೆರಾಕ್ಸ್ ಅಂಗಡಿಯಾತ, ಇವರೆಲ್ಲ ವರ್ಷವರ್ಷವೂ ಹೊಸಬರನ್ನು ಕಂಡವರು. ಯಾವ ಕಾಗದ ಯಾವ ಕಿಟಕಿಗೆ ಕೊಡಬೇಕೆಂದು ಇವರಿಗೆ ಗೊತ್ತು. ಮೂಲ ದಾಖಲೆಗಳನ್ನು ಜೋಪಾನವಾಗಿಟ್ಟುಕೊಂಡು ಎರಡು ಸೆಟ್ ನಕಲು ಒಯ್ಯಿರಿ. ತರಗತಿ ಶುರುವಾಗುವ ಹಿಂದಿನ ದಿನ ಒಮ್ಮೆ ಹೋಗಿ ಕೊಠಡಿ ನೋಡಿಕೊಂಡು ಬನ್ನಿ. ಹೇಳಿದ್ದು ತಿಳಿಯದಿದ್ದರೆ ಇನ್ನೊಂದು ಸಲ ಕೇಳಿ.

ಹಳಬರಿಗೂ ಒಂದು ಮಾತು. ಹೊಸಬರು ಬಂದು ಕೇಳಲಿ ಎಂದು ಕಾಯಬೇಡಿ. ಫೈಲು ಹಿಡಿದು ಮರದ ಕೆಳಗೆ ನಿಂತು ಅತ್ತಿತ್ತ ನೋಡುವವರು ಕಂಡರೆ ನೀವೇ ಕೇಳಿ. ಅದಕ್ಕೆ ಎರಡು ನಿಮಿಷ ಸಾಕು.

ಕಾಲಿಗೆ ಪರಿಚಯವಾಗಲಿ

ದಾಖಲಾತಿಯ ಗಡಿಬಿಡಿ ಮುಗಿದ ಮೇಲೆ ನಿಮ್ಮ ವಿಭಾಗದಾಚೆಗೂ ನಡೆಯಿರಿ. ಸೂಚನಾ ಫಲಕದಲ್ಲಿ ಕಾಣುವ ಉಪನ್ಯಾಸ, ನಾಟಕ, ವಿಚಾರ ಸಂಕಿರಣಗಳಿಗೆ ಹೋಗಿ. ಬಿ.ಎಂ.ಶ್ರೀ ಸಭಾಂಗಣ, ರಾಣಿ ಬಹದ್ದೂರ್ ಸಭಾಂಗಣ, ಸೆನೆಟ್ ಭವನ, ಬಯಲು ರಂಗಮಂದಿರ ಒಂದೊಂದಾಗಿ ಪರಿಚಯವಾಗುತ್ತವೆ. ರಸಾಯನವಿಜ್ಞಾನ ಓದುವವರು 1966ರಲ್ಲಿ ಆರಂಭವಾದ ಕನ್ನಡ ಅಧ್ಯಯನ ಸಂಸ್ಥೆಯ ಮೆಟ್ಟಿಲು ಹತ್ತಲಿ. ಕನ್ನಡ ಓದುವವರು ವಿಜ್ಞಾನ ಭವನದ ಉಪನ್ಯಾಸದ ಕೊನೆಯ ಸಾಲಿನಲ್ಲಿ ಕೂರಲಿ.

ಬೆಳಗ್ಗೆ ಬೇಗ ಎದ್ದವರು ಕೆರೆ ಏರಿಯ ಮೇಲೆ ಹೋಗಲಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಕಟ್ಟಿಸಿದ ಕೆರೆಯಿದು. ಕುವೆಂಪು ತಿರುಗಾಡಿದ ದಂಡೆ. ಹೆಜ್ಜಾರ್ಲೆಗಳು ನೀರಿಗಿಳಿಯುವುದನ್ನು ನೋಡುತ್ತ ಒಂದು ಸುತ್ತು ಬಂದರೆ, ಬೇರೆ ಬೇರೆ ಎಂದುಕೊಂಡಿದ್ದ ಕ್ರಾಫರ್ಡ್ ಹಾಲ್ ಮತ್ತು ಗಂಗೋತ್ರಿ ನಿಮ್ಮ ಹೆಜ್ಜೆಯಲ್ಲೇ ಒಂದಾಗುತ್ತವೆ.

ಒಂದು ದಿನ ಜಯಲಕ್ಷ್ಮಿ ವಿಲಾಸದ ಕಡೆಗೂ ಹೋಗಿ. 1905ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರಿಗಾಗಿ ಕಟ್ಟಿಸಿದ ಅರಮನೆ ಅದು. 1968ರಿಂದ ಜಾನಪದ ವಸ್ತುಸಂಗ್ರಹಾಲಯದ ಮನೆ. ಒಳಗೆ ಬಿಡುತ್ತಾರೆಯೇ ಎಂದು ಮೊದಲು ವಿಚಾರಿಸಿಕೊಳ್ಳಿ. ರಾಜರ ಮಗಳಿಗೆಂದು ಎತ್ತಿದ ಕಂಬಗಳ ಸಾಲಿನಲ್ಲಿ ವಿಶ್ವವಿದ್ಯಾನಿಲಯ ಜೋಪಾನ ಮಾಡಿಟ್ಟಿದ್ದು ಹಳ್ಳಿಮನೆಗಳ ದೀಪ, ಪಾತ್ರೆ, ಬೇಸಾಯದ ಸಲಕರಣೆ, ತೊಗಲುಗೊಂಬೆಗಳನ್ನು. ದಾರಿ ಕೇಳಿದರೆ ಹಳ್ಳಿಯವಳೆಂದು ಗೊತ್ತಾಗಿಬಿಡುತ್ತದೆ ಎಂದು ಅಳುಕಿ ನಿಂತ ಹುಡುಗಿಗೆ ಹೇಳಬೇಕಾದದ್ದು ಇದೇ: ನಿನ್ನ ಅಜ್ಜಿಯ ಮನೆಯ ಸಾಮಾನು ನಿನಗಿಂತ ಮೊದಲೇ ಇಲ್ಲಿಗೆ ಬಂದು ಕೂತಿದೆ ಮಗಳೇ, ಧೈರ್ಯವಾಗಿ ಕೇಳು.